ಅವ್ವನ ಜಗುಲಿಯಲ್ಲಿ ನನ್ನ ಲಿಂಗ

ನವೆಂಬರ್ 4, ಮಂಗಳವಾರ, ಬೆಳಿಗ್ಗೆ

ಮತ್ತೆ ಬ್ಯಾಗ್ ಲೀಕ್. ಚಾದರ, ಲುಂಗಿ, ಬನಿಯನ್ ಎಲ್ಲ ಹಾಳು. ಅಂಟು ಬಿಟ್ಟದ್ದು ಒಂದೇ ಬದಿ, ಅಷ್ಟು ಸಾಕಾಯಿತು. ಭುವನೇಶ್ವರಿ ಏನೂ ಅನ್ನದೆ ಚಾದರ ಸುತ್ತಿಕೊಂಡು ಬಚ್ಚಲಿಗೆ ಹೋದಳು. ಅವಳ ಈ ಸುಮ್ಮನಿರುವಿಕೆಯೇ ನನಗೆ ತಡೆಯಲಾಗುವುದಿಲ್ಲ. ಕಟ್ಟಿಕೊಂಡ ಹೆಂಡತಿ ಒಂದು ಸಲ ಬೈದರೆ ನಾನೂ ತಿರುಗಿ ಬೈಯಬಹುದು.

ಸೊಲ್ಲಾಪುರದ ದವಾಖಾನೆಯ ನರ್ಸ್ ಹೇಳಿ ಕಳಿಸಿದ್ದಾಳೆ — ಏನು ತಿಂದಿರಿ, ಬ್ಯಾಗ್ ಹೇಗಾಯಿತು, ದಿನಾ ಬರೆಯಿರಿ. ಬರೆಯುತ್ತಿದ್ದೇನೆ. ನಿನ್ನೆ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಫಲ: ಮೇಲೆ ಇದೆ. ಪುಂಡಿಪಲ್ಯ ಬಿಡಬೇಕಂತೆ. ಹಿಂಡಿ ಬಿಡಬೇಕಂತೆ. ಬೇಳೆ ಕಡಿಮೆ ಮಾಡಬೇಕಂತೆ. ತೊಗರಿ ಬೀಜ ಮಾರಿ ಬದುಕುವವನು ನಾನು. ಬೇಳೆ ಬಿಟ್ಟು ಏನು ತಿನ್ನಲಿ, ಅಂಗಡಿಯ ಯೂರಿಯಾ ತಿನ್ನಲೇ?

ಗುದದ್ವಾರದ ಹತ್ತಿರ ಗಂಟು. ತೆಗೆದರು. ಹಳೆಯ ದಾರಿ ಹೊಲಿದು ಮುಚ್ಚಿ ಹೊಟ್ಟೆಯ ಎಡಕ್ಕೆ ಹೊಸದು ಮಾಡಿ, ಅದರ ಬಾಯಿಗೆ ಈ ಬ್ಯಾಗ್ ಅಂಟಿಸಿದರು. ಇನ್ನು ಸಾಯುವ ತನಕ ಇದೇ ಎಂದು ಡಾಕ್ಟರ್ ನಗುನಗುತ್ತ ಹೇಳಿದ. ಕ್ಯಾನ್ಸರ್ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಗಂಟು ಅನ್ನುತ್ತೇವೆ.

ನವೆಂಬರ್ 6, ಗುರುವಾರ

ಜಳಕ ಆಯಿತು. ಬ್ಯಾಗ್ ಬದಲಿಸಿದೆ. ಸುತ್ತಲಿನ ಚರ್ಮ ಕೆಂಪಾಗಿ ಉರಿಯುತ್ತಿದೆ, ಪೌಡರ್ ಉದುರಿಸಿದೆ. ಮುಂಚೆ ಜಳಕ ಮುಗಿದ ಕೂಡಲೇ ಲಿಂಗಪೂಜೆಗೆ ಕೂಡುತ್ತಿದ್ದೆ. ಈಗ ಗೋಡೆ ನೋಡುತ್ತ ಕೂಡುತ್ತೇನೆ.

ಭುವನೇಶ್ವರಿಯ ಲಿಂಗ ಅವಳ ಕೊರಳಲ್ಲಿ. ಅವ್ವನದು ಅವ್ವನ ಕೊರಳಲ್ಲಿ. ನನ್ನದು ಜಗುಲಿಯ ಮೇಲೆ. ದೀಕ್ಷೆಯಾದಂದಿನಿಂದ ಮೈ ಬಿಟ್ಟು ಹೋಗದ ಲಿಂಗ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮೈಮೇಲಿನದ್ದೆಲ್ಲ ತೆಗೆಯಿರಿ ಅಂದರು. ಅವ್ವ ಸೆರಗು ಒಡ್ಡಿ ಇಸಿದುಕೊಂಡಳು. ಮನೆಗೆ ಬಂದ ಮೇಲೆ ಕೇಳಿದೆ. ಗಾಯ ಮಾಯಲಿ ಅಂದಳು. ಗಾಯ ಮಾಯ್ದು ಎಷ್ಟು ದಿನವಾಯಿತು. ಮತ್ತೆ ಕೇಳಿದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದಳು. ದಿನಾ ಬೆಳಿಗ್ಗೆ ತನ್ನ ಪೂಜೆ ಮುಗಿಸಿ ನನ್ನದಕ್ಕೂ ನೀರೆರೆದು, ಭಸ್ಮ ಹಚ್ಚಿ, ಹೂವಿಟ್ಟು, ಬೆಳ್ಳಿ ಕರಡಿಗೆಯಲ್ಲಿ ಮುಚ್ಚಿಡುತ್ತಾಳೆ. ನಾನಿಲ್ಲೇ, ನಾಲ್ಕು ಹೆಜ್ಜೆ ಆಚೆ ಕೂತಿರುತ್ತೇನೆ.

ನಮ್ಮಲ್ಲಿ ಮೈಲಿಗೆ ಇಲ್ಲ, ಸೂತಕ ಇಲ್ಲ ಎಂದು ಊರಿಗೆಲ್ಲ ಹೇಳುವ ಮನೆತನ ಇದು. ಅಪ್ಪ ಬದುಕಿರುವತನಕ ಅದನ್ನೇ ಹೇಳುತ್ತಿದ್ದ.

ನಾನೇ ಎದ್ದು ತೆಗೆದುಕೊಳ್ಳಬಹುದು, ಕಳವೇನಲ್ಲ. ಕೈ ಮುಂದೆ ಹೋಗುವುದಿಲ್ಲ. ನನಗೇ ನನ್ನ ಹೊಟ್ಟೆ ನೋಡಿ ಹೇಸಿಗೆಯಾದರೆ ಅವಳಿಗೆ ಏನನ್ನಲಿ?

ನವೆಂಬರ್ 11, ಮಂಗಳವಾರ

ಅಂಗಡಿಗೆ ಹೋಗಿದ್ದೆ. ಮಾದನಹಿಪ್ಪರಗಾದ ಬಸ್‌ಸ್ಟ್ಯಾಂಡಿನಿಂದ ಅಂಗಡಿಯ ತನಕ ಎಲ್ಲರಿಗೂ ಅದೇ ಕೆಲಸ — ಮೊದಲು ಮುಖ ನೋಡುವುದು, ಆಮೇಲೆ ಹೊಟ್ಟೆ ನೋಡುವುದು. ಮಟಕಿ ಊರಿನ ಒಬ್ಬ ಗಿರಾಕಿ ಕೀಟನಾಶಕದ ಬಾಟಲಿ ಹಿಡಿದುಕೊಂಡೇ ಕೇಳಿದ, ಸಂಡಾಸ ಮುಂದೇ ಬರ್ತದಂತಲ್ಲರಿ ಸಾವಕಾರ್ರ ಅಂತ. ಹೌದಪ್ಪ, ನೋಡಬೇಕೇನು ಅಂದೆ. ಬಾಟಲಿ ಇಟ್ಟು ಹೋದ. ಗಿರಾಕಿ ಹೋದರೆ ಹೋಗಲಿ.

ಪಕ್ಕದ ಟೇಲರ್ ಲಾಲಸಾಬ ಮಾತ್ರ ಏನೂ ಕೇಳಲಿಲ್ಲ. ಸಡಿಲಾದ ನೆಹರೂ ಶರ್ಟ್ ಒಂದು ಹೊಲಿದಿಟ್ಟಿದ್ದ. ಎರಡು ಸಲ ಅಳತೆ ತಪ್ಪಿಸಿ, ಬೈಸಿಕೊಂಡು, ಮೂರನೆಯ ಸಲ ಸರಿ ಮಾಡಿದ. ಇಷ್ಟು ದಿನಗಳಲ್ಲಿ ನಾನು ಮನಸಾರೆ ಬೈದದ್ದು ಅವನೊಬ್ಬನಿಗೇ. ಹಗುರಾಯಿತು.

ಊಟ: ಅನ್ನ, ಮಜ್ಜಿಗೆ. ಬ್ಯಾಗ್: ಪರವಾಗಿಲ್ಲ.

ನವೆಂಬರ್ 24, ಸೋಮವಾರ, ಸಂಜೆ

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಮಠದಲ್ಲಿ ಸೋಮವಾರದ ಪ್ರವಚನ. ಆಪರೇಷನ್ ಆದ ಮೇಲೆ ಮೊದಲ ಸಲ ಹೊರಟೆ. ಶಾಣ್ಯಾತನ ಮಾಡಿದೆ — ಬೆಳಿಗ್ಗೆಯಿಂದ ಉಪವಾಸ. ಹೊಟ್ಟೆಗೆ ಏನೂ ಹಾಕದಿದ್ದರೆ ಅದು ಏನು ಮಾಡೀತು ಎಂದು ನನ್ನ ಲೆಕ್ಕ. ಭುವನೇಶ್ವರಿ ಬೇಡ ಅಂದಳು. ನಿನಗೇನು ಗೊತ್ತು ಅಂದೆ.

ಅಯ್ಯನವರು ಮಾತು ನಿಲ್ಲಿಸಿ ಕಣ್ಣು ಮುಚ್ಚಿದರು. ಸಭೆ ಸ್ತಬ್ಧ. ಆಗಲೇ ಹೊಟ್ಟೆಯ ಸದ್ದು ಶುರುವಾಯಿತು. ಹಿಂದಿನ ದಾರಿಯಾದರೆ ಬಿಗಿ ಹಿಡಿಯಬಹುದಿತ್ತು. ಇದಕ್ಕೆ ಹಿಡಿತವೆಂಬುದೇ ಇಲ್ಲ, ತನಗೆ ಬೇಕೆನಿಸಿದಾಗ ಮಾತಾಡುತ್ತದೆ. ಅಂಗೈಯಿಂದ ಒತ್ತಿ ಹಿಡಿದೆ. ನಿಲ್ಲಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿದರು. ಪಕ್ಕದಲ್ಲಿದ್ದ ಧರ್ಮಣ್ಣ, ನನ್ನ ಜೊತೆ ಸಾಲಿ ಕಲಿತವನು, ಚಾಪೆಯ ಅಂಚಿಗೆ ಸರಿದು ಕೂತ. ಶರ್ಟಿನೊಳಗೆ ಬ್ಯಾಗ್ ಬಲೂನಿನಂತೆ ಉಬ್ಬಿತ್ತು. ಎದ್ದು ಬಂದುಬಿಟ್ಟೆ.

ನರ್ಸಿಗೆ ಫೋನ್ ಮಾಡಿದರೆ ಅವಳೂ ಬೈದಳು. ಖಾಲಿ ಹೊಟ್ಟೆಯಲ್ಲೇ ಗ್ಯಾಸ್ ಹೆಚ್ಚಂತೆ. ಸ್ವಲ್ಪ ಸ್ವಲ್ಪ, ಹೊತ್ತಿಗೆ ಸರಿಯಾಗಿ ತಿನ್ನಬೇಕಂತೆ. ಈ ಮಾತನ್ನು ನಿನ್ನೆ ಹೇಳಲಿಕ್ಕೆ ಏನಾಗಿತ್ತು? ನಾನು ಕೇಳಿರಲಿಲ್ಲ, ಅದೂ ನಿಜ.

ಡಿಸೆಂಬರ್ 1, ಸೋಮವಾರ

ಗುರುವಾರ ಅಪ್ಪನ ಪುಣ್ಯತಿಥಿ. ಅಪ್ಪ ತೀರಿಕೊಂಡಾಗಿನಿಂದ ಪ್ರತಿ ವರ್ಷ ಅಯ್ಯನವರ ಪಾದಪೂಜೆಗೆ ಕೂಡುವವನು ನಾನು. ಹಿರಿಯ ಮಗ. ಇವತ್ತು ಅವ್ವ ನನ್ನ ಎದುರಿಗೇ ಅಫಜಲಪುರಕ್ಕೆ, ನನ್ನ ತಮ್ಮ ಸಿದ್ದಲಿಂಗನಿಗೆ, ಫೋನ್ ಹಚ್ಚಿ ಈ ವರ್ಷ ನೀನು ಕೂಡು ಅಂದಳು. ಎದುರಿಗೇ! ಗೋಡೆಗೆ ಒರಗಿಸಿಟ್ಟ ಚೀಲದ ಎದುರು ಮಾತಾಡಿದ ಹಾಗೆ.

ಯಾಕೆ ಎಂದು ಕೇಳಿದೆ. ಕೊರಳಲ್ಲಿ ಲಿಂಗವಿಲ್ಲದವನು ಪೂಜೆಗೆ ಹೇಗೆ ಕೂಡುತ್ತಾನೆ ಅಂದಳು.

ಲಿಂಗ ಇಟ್ಟುಕೊಂಡವಳು ಯಾರು? ಕೇಳಬೇಕಿತ್ತು. ಕೇಳದೆ ಎದ್ದು ಕೋಣೆಗೆ ಬಂದೆ. ಮಠದಲ್ಲಿ ಆದದ್ದು ಅವಳ ಕಿವಿಗೆ ಬಿದ್ದಿರಬೇಕು. ಅಯ್ಯನವರ ಪಾದಕ್ಕೆ ನೀರೆರೆಯುವಾಗ ನನ್ನ ಹೊಟ್ಟೆ ಮಾತಾಡಿದರೆ ಮನೆತನದ ಮರ್ಯಾದೆ ಹೋಗುತ್ತದೆ. ಅಪ್ಪನ ಫೋಟೋದ ಎದುರು ಕೂಡಲು ಹೆತ್ತ ಮಗ ಹೊಲಸಾದ.

ಊಟ: ಬರೆಯುವುದಿಲ್ಲ.

ಡಿಸೆಂಬರ್ 3, ಬುಧವಾರ, ಮಧ್ಯಾಹ್ನ

ಸಿದ್ದಲಿಂಗ ಬಂದ. ಪಾಪ, ಅವನಿಗೇ ಮುಜುಗರ. ಅಣ್ಣ ಇರಲಿಕ್ಕೆ ನಾನು ಯಾಕ ಕೂಡ್ಲಿ ಎಂದು ಅವ್ವನಿಗೆ ಹೇಳಿಯೂ ನೋಡಿದ. ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತ ತಲೆ ಎತ್ತಲಿಲ್ಲ.

ತಡೆಯಲಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಒದರಿದೆ. ಸೂತಕ ಇಲ್ಲದ ಧರ್ಮ ಎಂದು ಅಪ್ಪ ಹೇಳಿದ್ದು ಸುಳ್ಳೇನು, ನಾನು ನಿನಗೆ ಹೇಸಿಗೆಯೇನು, ನೀನು ನನ್ನ ಸಂಡಾಸ ಬಳಿದೇ ಬೆಳೆಸಿದವಳಲ್ಲವೇನು ಎಂದೆಲ್ಲ. ಭುವನೇಶ್ವರಿ ತೋಳು ಹಿಡಿದು ಜಗ್ಗಿದಳು. ಕೊಡವಿದೆ. ಬಾಯಿಗೆ ಬಂದದ್ದೆಲ್ಲ ಅಂದೆ.

ಅವ್ವ ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ನೆಲಕ್ಕೆ ಕೂತಳು.

"ಹೇಸಿಗಿ ಅಂತ ಯಾವ ಮೂಳ ಅಂದ? ನಿಮ್ಮಪ್ಪ ಹೋದಾಗ ಅವರ ಎಡಗೈಯಾಗ ಲಿಂಗ ಇಟ್ಟು ಬೆರಳ ಮಡಚಿದಾಕಿ ನಾನು. ಲಿಂಗ ಕೈಯಾಗ ಇಡದ ನಮ್ಮ ಮಂದಿಗೆ ಮಣ್ಣ ಕೊಡಾಂಗಿಲ್ಲ. ಗೊತ್ತದ ಇಲ್ಲೋ?"

ಗೊತ್ತಿದೆ ಅಂದೆ.

"ಆ ದವಾಖಾನಿಯಾಗ ನಿನ್ನ ಒಳಗ ಒಯ್ದರು. ಲಿಂಗ ನನ್ನ ಉಡಿಯಾಗ ಇತ್ತು. ಇದು ನನ್ನ ಹತ್ರ ಇರೋತನಕ ಇವನ್ನ ಯಾರೂ ಮಣ್ಣಿಗೆ ಒಯ್ಯಾಂಗಿಲ್ಲ ಅಂತ ಗಟ್ಟಿ ಹಿಡಕೊಂಡು ಕುಂತೆ. ನೀ ಜೀವಂತ ಹೊರಗ ಬಂದಿ. ಈಗ ಹ್ಯಾಂಗ ಕೊಡ್ಲಿ, ಅಮರಾ? ಕೊಟ್ಟೇನಂದ್ರ ನೀ ಸಾಯಾಕ ತಯಾರ ಆದಂಗ ಆಗ್ತದ ನನಗ."

ಉತ್ತರ ಕೊಟ್ಟಿದ್ದು ನನ್ನ ಹೊಟ್ಟೆ, ಅದಕ್ಕೆ ಹೊತ್ತು ಗೊತ್ತು ಇಲ್ಲ. ಅವ್ವ ಕಣ್ಣೊರೆಸಿಕೊಂಡು, ಊಟ ಮಾಡಿಲ್ಲೇನು ಎಂದು ಕೇಳಿದಳು.

ಆಪರೇಷನ್ ಆದಾಗಿನಿಂದ ನನಗೆ ನನ್ನ ಹೊಲಸಿನದೇ ಚಿಂತೆ. ಅವಳು ನನ್ನ ಸಾವಿನ ಜೊತೆ ಜಗಳಕ್ಕೆ ಕೂತಿದ್ದಾಳೆ. ಹುಚ್ಚಿ. ನಾನೂ ಹುಚ್ಚ. ಸಿಟ್ಟು ಇಳಿದಿಲ್ಲ, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ.

ಇಸಿದುಕೊಳ್ಳುವುದಿಲ್ಲ. ಸಿದ್ದಲಿಂಗನೇ ಕೂಡಲಿ ಎಂದು ಹೇಳಿ ಬಂದಿದ್ದೇನೆ.

ಡಿಸೆಂಬರ್ 4, ಗುರುವಾರ, ಬೆಳಿಗ್ಗೆ

ಊಟ: ಮೆತ್ತಗಿನ ಅನ್ನ, ಮಜ್ಜಿಗೆ, ಭುವನೇಶ್ವರಿ ಎದುರಿಗೇ ಕೂತು ತಿನ್ನಿಸಿದಳು. ಬ್ಯಾಗ್: ಹೊಸದು, ಅಂಟು ಗಟ್ಟಿಯಾಗಿದೆ. ಚರ್ಮದ ಉರಿ ಹಾಗೇ ಇದೆ.

ಲಾಲಸಾಬನ ಶರ್ಟ್ ಹಾಕಿಕೊಂಡು ಕೋಣೆಯಲ್ಲಿ ಕೂತಿದ್ದೆ. ಸಿದ್ದಲಿಂಗ ಆಚೆ ತಯಾರಾಗುತ್ತಿದ್ದ. ಅವ್ವ ಒಳಗೆ ಬಂದಳು. ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಮುಷ್ಟಿಯಲ್ಲಿ ಕರಡಿಗೆ.

"ನಿಮ್ಮಪ್ಪ ರಾತ್ರೆಲ್ಲ ಬೈದಂಗಾತು" ಅಂದಳು. ಆಮೇಲೆ, "ನನಗಿಂತ ಮೊದಲ ಹೋಗಾಂಗಿಲ್ಲ ಅಂತ ಹೇಳು. ಹೇಳಿದ್ರ ಕಟ್ತೀನಿ, ಪೂಜಾಕ್ಕ ನೀನೇ ಕೂಡು."

ಇಂಥ ಮಾತು ಯಾರ ಕೈಯಲ್ಲಿದೆ? ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಅಂದಿದ್ದಾರೆ. ಮೊದಲನೆಯದೇ ಇನ್ನೂ ಆಗಿಲ್ಲ.

"ಹೋಗಾಂಗಿಲ್ಲ ಬೇ" ಅಂದೆ.

ಎಡಗೈ ಒಡ್ಡಿದೆ. ಅಂಗೈ ನೋಡಿ ಅವಳು ಬೆಚ್ಚಿಬಿದ್ದಳು. ಕೈಯಲ್ಲಿ ಇಡಲಿಲ್ಲ. ಹಿಂದೆ ಬಂದು ಕೊರಳಿಗೇ ಕಟ್ಟುತ್ತಿದ್ದಾಳೆ. ದಾರ ಗಿಡ್ಡ ಮಾಡಿ ಎದೆಗೆ ನಿಲ್ಲಿಸಬೇಕಂತೆ. ಗಂಟು ಬೀಳುವುದಿಲ್ಲ, ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಅಲ್ಲಾಡಬೇಡ ಎಂದು ತಲೆಗೆ ಮೊಟಕಿದಳು. ಅಲ್ಲಾಡದೆ ಇನ್ನೇನು ಮಾಡುವುದು, ತೊಡೆಯ ಮೇಲೆ ಈ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬ್ಯಾಗ್ ಉಬ್ಬಲು ಶುರುವಾಗಿದೆ. ಪಾದಪೂಜೆಯ ಹೊತ್ತಿಗೆ ಮರ್ಯಾದೆ ಕಳೆಯುತ್ತದೆ, ಗ್ಯಾರಂಟಿ. ಕಳೆಯಲಿ.

ಅಯ್ಯನವರು ಬಂದರು. ಸಿದ್ದಲಿಂಗ ಹೊರಗಿನಿಂದ ಅಣ್ಣಾ ಅಣ್ಣಾ ಎಂದು ಕೂಗುತ್ತಿದ್ದಾನೆ. ಬಂದೆ ಅಂದರೂ ಅವ್ವ ಬಿಡುತ್ತಿಲ್ಲ. ಗಂಟು ಬಿದ್ದಾಗಿದೆ, ನನಗೆ ತಿಳಿಯುತ್ತಿದೆ, ಆದರೂ ದಾರದ ತುದಿ ಹಿಡಿದುಕೊಂಡೇ ನಿಂತಿದ್ದಾಳೆ.