ನುಣುಪಾದ ಕೇಕಿನ ಕುರಿತು ಒಂದು ಮನವಿ

ಅಡುಗೆಮನೆಯ ಚಕ್ರವರ್ತಿನಿಯೂ, ಸಕಲ ಚಿಲಕಗಳ ಒಡತಿಯೂ, ನನಗಿಂತ ಮೊದಲು ಹುಟ್ಟಿದ್ದನ್ನೇ ಮಹಾಸಾಧನೆ ಎಂದುಕೊಂಡವಳೂ ಆದ ಶ್ರೀಮದಕ್ಕನವರ ದಿವ್ಯ ಸನ್ನಿಧಾನಕ್ಕೆ,

ಕೇಕಿನ ಅಲಂಕಾರ ಮುಗಿಯುವವರೆಗೆ ಬಿಡುವುದಿಲ್ಲವೆಂದು ತಾವು ಹೊರಗಿನಿಂದ ಚಿಲಕ ಹಾಕಿದ ಲಾಗಾಯ್ತು, ಈ ಬಡ ಕೈದಿ ತಾವು ಕಲಿಸಿದಂತೆಯೇ ನಡೆದಿದ್ದಾನೆ. ಮೊದಲು ತೆಳ್ಳಗೆ ಕ್ರೀಮ್ ಬಳಿದು ಫ್ರಿಜ್ಜಿನಲ್ಲಿಟ್ಟೆ. ಅದು ಗಟ್ಟಿಯಾದ ಮೇಲೆ ದಪ್ಪಗೆ ಇನ್ನೊಂದು ಪದರ ಬಳಿದು, ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಸವರಿದೆ. ಹಾಲಿನ ಖಾಲಿ ಕವರಿಗೆ ಕ್ರೀಮ್ ತುಂಬಿ, ಮೂಲೆ ಕತ್ತರಿಸಿ ಗುಲಾಬಿ ಹಿಂಡಿದೆ. ಮೊದಲನೆಯದು ಎಲೆಕೋಸಿನಂತೆ ಬಂತು, ಕೊನೆಯದು ಗುಲಾಬಿಯಂತೆಯೇ ಇದೆ.

ತಾವು ಕಿಟಕಿಯಲ್ಲಿ ಇಣುಕಿ, "ಎಷ್ಟು ನುಣುಪಾಗಿ ಬಂದಿದೆಯೋ ಪುಟ್ಟಾ! ನಿನ್ ಕೈಲಿ ಇಷ್ಟೆಲ್ಲ ಆಗತ್ತಾ?" ಎಂದಿರಿ. ಆಮೇಲೆ ತಮ್ಮ ಮೊಟ್ಟಮೊದಲ ಗಿರಾಕಿಗೆ ಫೋನಿನಲ್ಲಿ, "ನನ್ ತಮ್ಮನೇ ಮಾಡಿರೋದು ಮೇಡಂ, ನೋಡಿದ್ರೆ ಬಿಡಲ್ಲ ನೀವು" ಎಂದದ್ದೂ ಕೇಳಿಸಿತು. ಚಿಲಕವಾದರೂ ತೆಗೆದರೆ ತೆರೆಯುತ್ತದೆ. ಆ ಮಾತಿನೊಳಗಿಂದ ಹೊರಬರುವ ದಾರಿ ನನಗೆ ಕಾಣುತ್ತಿಲ್ಲ.

ಆದ್ದರಿಂದ ಬಾಗಿಲ ಸಂದಿಯಲ್ಲಿ ಈ ಪತ್ರ. ಮೇಡಮ್ಮನವರನ್ನು ಮಧ್ಯಾಹ್ನದ ಬದಲು ಸಂಜೆಗೆ ಬರಲು ಹೇಳಬೇಕು. ಇಲ್ಲಿ ಮೊಟ್ಟೆ ಮುಗಿದಿವೆ, ಕಿಟಕಿಯಿಂದ ನಾಲ್ಕು ಕೊಡಬೇಕು. ಒಲೆಯನ್ನು ನಾನೇ ಹಚ್ಚಿಕೊಳ್ಳುತ್ತೇನೆ. ಬೈಗುಳವನ್ನು ದಯವಿಟ್ಟು ರಾತ್ರಿಗೆ ಇಟ್ಟುಕೊಳ್ಳಬೇಕು.

ತಮ್ಮ ಪಾದಧೂಳಿಯ ಒಂದು ಕಣ,
ಪುಟ್ಟ

ಬರೆಯಲು ಮರೆತದ್ದು: ತಾವು ಬೇಯಿಸಿಟ್ಟ ಕೇಕನ್ನು ಅಚ್ಚಿನಿಂದ ತೆಗೆಯುವಾಗ ಮುರಿದೆ, ಮುರಿದದ್ದನ್ನು ತಿಂದೆ. ಆ ನುಣುಪು ಬೋರಲು ಹಾಕಿದ ಪಾತ್ರೆಯದು, ಅಕ್ಕಾ.