ಬ ಗುಡಿಸಿನ ದೀರ್ಘ

ವಿಜಯಪುರ
ಮಂಗಳವಾರ

ಪ್ರೀತಿಯ ಭಾಗ್ಯಾ,

ಈ ಪತ್ರವನ್ನು ಕುಳಿತು ಓದು. ನಿನ್ನ ತಮ್ಮ ಸಂಗು ಮನೆಯಲ್ಲಿದ್ದರೆ ಅವನಿಗೂ ಕೇಳುವಂತೆ ಓದು. ನಿಮ್ಮ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಂದು ಆದದ್ದೇನೆಂದು ಹೆಚ್ಚುಕಡಿಮೆ ಅಷ್ಟೇ ದಿನದಿಂದ ನನಗೆ ಗೊತ್ತಿದೆ. ನಾನು ಹೇಳಲಿಲ್ಲ.

ಬಬಲೇಶ್ವರದ ದವಾಖಾನೆಯಲ್ಲಿ ನೀನು ನರ್ಸ್. ಅಲ್ಲಿ ನೀನು ದಿನವೂ ರೋಗಿಗಳ ವಿವರ ತುಂಬುವ ಪ್ರೋಗ್ರಾಂ ಬರೆದವಳು ನಾನು. ಕಳೆದ ವರ್ಷ ಅಲ್ಲಿಯೇ ಒಂದು ಇಂಜೆಕ್ಷನ್ ಒಗ್ಗದೆ ನಿಮ್ಮ ಅಪ್ಪನ ಗಂಟಲು ಬಿಗಿದು, ಹೇಗೋ ಉಳಿದರು. ಅದನ್ನು ಅವರಿಗೆ ಮತ್ತೆಂದೂ ಕೊಡಬಾರದೆಂದು ನೀನೇ ಕಂಪ್ಯೂಟರಿನಲ್ಲಿ ಬರೆದಿಟ್ಟೆ. ಮುಂದೆ ತಿಕೋಟಾದ ಮನೆಯಲ್ಲಿ ಅವರಿಗೆ ಜ್ವರ ಏರಿ ಎಚ್ಚರ ತಪ್ಪಿದಾಗ ಸಂಗು ಇಲ್ಲಿಯ ಆಸ್ಪತ್ರೆಗೆ ಕರೆತಂದ. ಇಲ್ಲಿಯೂ ಅದೇ ಪ್ರೋಗ್ರಾಂ, ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಸಿಗಬೇಕು. "ಯಾವುದೋ ಒಂದು ಇಂಜೆಕ್ಷನ್ ಆಗಿಬರೂದಿಲ್ರಿ. ನಮ್ಮಕ್ಕ ಕಂಪ್ಯೂಟರ್‌ದಾಗ ಬರದಾಳ, ನೋಡ್ರಿ" ಎಂದು ಅವನು ಹೇಳಿದ. ಆಸ್ಪತ್ರೆಯವರು ಅಪ್ಪನ ಹೆಸರು ಬೀರಣ್ಣ, ಊರು ತಿಕೋಟಾ ಎಂದು ಹುಡುಕಿದರು. ದಾಖಲೆ ಇಲ್ಲವೆಂದು ಬಂತು. ಅದೇ ಇಂಜೆಕ್ಷನ್ ಕೊಟ್ಟರು.

ಅಪ್ಪನ ದಿವಸದ ಊಟಕ್ಕೆ ನಾನೂ ಬಂದಿದ್ದೆ. "ಅಕ್ಕಾ, ನೀ ಖರೇನ ಬರದಿದ್ರ ಅವರಿಗೆ ಯಾಕ ಸಿಗಲಿಲ್ಲ?" ಎಂದು ಸಂಗು ಎಲ್ಲರೆದುರು ಕೇಳಿದ. ನೀನು ತಲೆ ತಗ್ಗಿಸಿ, "ಬರದೀನಿ ಅಂತ ನೆಪ್ಪೈತಿ. ಈಗ ನನಗೂ ಖಾತ್ರಿ ಇಲ್ಲೋ" ಅಂದೆ.

ಮರುದಿನ ನಿನ್ನ ದವಾಖಾನೆಯ ದಾಖಲೆಗಳನ್ನು ನಾನು ಒಂದೊಂದಾಗಿ ತೆಗೆದು ನೋಡಿದೆ. ನೀನು ಬರೆದದ್ದು ಅಲ್ಲಿಯೇ ಇತ್ತು ಭಾಗ್ಯಾ. ಔಷಧದ ಹೆಸರು, ತಾರೀಖು, ಎಲ್ಲ ಇತ್ತು.

ನಾವಿಬ್ಬರೂ ಸಾಲಿಯಲ್ಲಿ ಕಾಗುಣಿತ ಒಪ್ಪಿಸುತ್ತಿದ್ದೆವಲ್ಲ, ಬ ಗುಡಿಸಿನ ದೀರ್ಘ ಬೀ ಎಂದು. ಕಂಪ್ಯೂಟರಿಗೆ ಅಕ್ಷರ ಕಾಣುವುದಿಲ್ಲ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆಯಿದೆ, ಹೆಸರೆಂದರೆ ಅದಕ್ಕೆ ಆ ಸಂಖ್ಯೆಗಳ ಸಾಲು. 'ಬೀ'ಯ ದೀರ್ಘವನ್ನು ಅದು ಒಂದೇ ಸಂಖ್ಯೆಯಾಗಿ ಇಡಬಹುದು, ಇಲ್ಲವೆ ಗುಡಿಸು ಬೇರೆ, ದೀರ್ಘ ಬೇರೆ ಎಂದು ಎರಡಾಗಿ ಇಡಬಹುದು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ನಿಮ್ಮಲ್ಲಿಯ ಹಳೆಯ ಕಂಪ್ಯೂಟರ್ ಎರಡಾಗಿ ಒಡೆದು ಇಟ್ಟಿತ್ತು, ಇಲ್ಲಿಯದು ಒಂದಾಗಿ. ಒಂದು ಬೀರಣ್ಣನಲ್ಲಿ ಏಳು ಸಂಖ್ಯೆ, ಇನ್ನೊಂದರಲ್ಲಿ ಆರು. ಪ್ರೋಗ್ರಾಂ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದು ಒಂದು ಸಾಲಿನ ಕೆಲಸ. ಕಲಿಯುವಾಗ ಹೇಳಿಕೊಟ್ಟಿದ್ದರು. ಆಮೇಲೆ ಸೇರಿಸಿದರಾಯಿತೆಂದು ಬಿಟ್ಟಿದ್ದೆ.

ನಮ್ಮ ಕಂಪನಿಯ ಮಾಲೀಕ ಸುಶೀಲೇಂದ್ರ ಸರ್‌ಗೆ ತೋರಿಸಿದೆ. ಅವರು "ತಿದ್ದಿಬಿಡು ಮೃಣಾಲ. ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದರು. ತಿದ್ದಿದೆ. ಆದರೆ ಏಕೆ ತಿದ್ದಿದೆವೆಂದು ಹೇಳದ ಕಾರಣ ಹಲವು ಆಸ್ಪತ್ರೆಗಳು ತಿದ್ದಿದ ಪ್ರೋಗ್ರಾಂ ಹಾಕಿಕೊಳ್ಳಲೇ ಇಲ್ಲ. ನೀನು ನೌಕರಿ ಬಿಡುತ್ತಿರುವೆ ಎಂದು ಮೊನ್ನೆ ಕೇಳಿದ ಮೇಲೆ, ಹೀಗೆ ಒಬ್ಬರೇ ಇಬ್ಬರಾಗಿ ದಾಖಲಾದ ಹೆಸರುಗಳ ಪಟ್ಟಿ ತೆಗೆದೆ. ಇನ್ನೂರ ಹದಿನಾಲ್ಕು ಬಂದವು. ಇಂದು ಬೆಳಿಗ್ಗೆ ಎಲ್ಲ ಆಸ್ಪತ್ರೆಗಳಿಗೂ ಆ ಪಟ್ಟಿಯನ್ನೂ, ನಿಮ್ಮ ಅಪ್ಪನಿಗೆ ಆದದ್ದನ್ನೂ ನನ್ನ ಸಹಿಯೊಂದಿಗೆ ಕಳಿಸಿದ್ದೇನೆ. ಸರ್ ಆಗಿನಿಂದ ಫೋನ್ ಮಾಡುತ್ತಲೇ ಇದ್ದಾರೆ.

ಆಮೇಲೆ ಪಟ್ಟಿಯಲ್ಲಿರುವ ಮನೆಗಳಿಗೆ ನಾನೇ ಫೋನ್ ಮಾಡತೊಡಗಿದೆ. ಎಂಟನೆಯ ಹೆಸರು ಕನಮಡಿಯ ನೀಲವ್ವ. ಅವರ ಸೊಸೆ ಎತ್ತಿ, "ಅತ್ತಿ ಹೋಗಿ ಎರಡು ತಿಂಗಳಾತ್ರಿ. ದವಾಖಾನಿಗಿ ಒಯ್ದ ದಿನಾನ ಹೋದ್ರು" ಅಂದಳು. ಯಾವ ಔಷಧ ಕೊಟ್ಟಿದ್ದರೆಂದು ಕೇಳಲು ನನ್ನಿಂದ ಆಗಲಿಲ್ಲ. ಎರಡು ತಿಂಗಳ ಹಿಂದೆ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಇನ್ನೂ ಇನ್ನೂರ ಆರು ಮನೆಗಳಿವೆ. ಈ ಪತ್ರ ಅಂಚೆಗೆ ಹಾಕಿ ಬಂದು ಒಂಬತ್ತನೆಯದಕ್ಕೆ ಮಾಡುತ್ತೇನೆ.

ನೀನು ಬರೆದಿದ್ದೆ ಭಾಗ್ಯಾ. ಅದರ ಪ್ರತಿ ಇದರೊಳಗಿದೆ, ಸಂಗುವಿನ ಕೈಗೆ ಕೊಡು. ನಿನ್ನ ಮೇಲೆ ನಿನಗೆ ಮತ್ತೆ ನಂಬಿಕೆ ಬರಲಿ.

ಕ್ಷಮೆ ಕೇಳುವ ಮುಖವಿಲ್ಲದ,
ಮೃಣಾಲ