ಪದಗಾರನ ಮೂರು ಪ್ರಶ್ನೆಗಳು

ಕೊಟ್ಟೂರು
೧೦-೩-೧೯೮೭

ಪ್ರೀತಿಯ ಕೊಟ್ರಾ,

ಹಲ್ಲುನೋವು ಹೇಗಿದೆ? ಹಡಗಿನಲ್ಲಿ ಹಲ್ಲು ಕೀಳುವವರು ಇರುತ್ತಾರೋ, ಅಥವಾ ಮುಂದಿನ ಬಂದರು ಸಿಗುವವರೆಗೆ ಲವಂಗ ಕಚ್ಚಿಕೊಂಡೇ ನಿನ್ನ ವೈರ್‌ಲೆಸ್ ಮುಂದೆ ಕೂತಿರುತ್ತೀಯೋ ನನಗೆ ತಿಳಿಯದು. ಈ ಪತ್ರ ಬೊಂಬಾಯಿಯ ಕಂಪನಿ ಕಚೇರಿಗೆ ಹೋಗಿ, ಅಲ್ಲಿಂದ ನೀನಿರುವ ನೀರನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಅದು ವಾಸಿಯಾಗಿರಲಿ. ಇಲ್ಲಿ ಬಿಸಿಲು ಈಗಲೇ ಏರಿದೆ. ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಹೋಗಿ, ಹೋದ ವರ್ಷ ಹೇಳಿದ್ದ ಚರಿತ್ರೆಯನ್ನೇ ಈ ವರ್ಷದ ಹುಡುಗರಿಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತೇನೆ. ನಿನ್ನ ಅತ್ತಿಗೆ ದಾಕ್ಷಾಯಣಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಾಳೆ. ನಿನ್ನ ಪಾಲನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ ಎಂದು ಬರೆಯಲು ಹೇಳಿದಳು.

ನೀನು ಹೋದ ಪತ್ರದಲ್ಲಿ ಕೇಳಿದ್ದು ಒಂದೇ ಮಾತು. ಅಪ್ಪನಿಗೆ ಮಾತು ಬಂದಿದ್ದರೆ ಇನ್ನೊಂದು ಪ್ರಯಾಣಕ್ಕೆ ಸಹಿ ಹಾಕಿ ದೀಪಾವಳಿಗೆ ಬರುತ್ತೇನೆ, ಬಂದಿಲ್ಲವಾದರೆ ಈಗಲೇ ರಜೆ ಹಾಕುತ್ತೇನೆ ಎಂದು ಬರೆದಿದ್ದೆ. ಹೌದು ಅಥವಾ ಇಲ್ಲ ಎಂದು ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಬರೆಯಲು ಕೂತರೆ ಅದು ಕಾರ್ಡಿನಲ್ಲಿ ಹಿಡಿಸುವಂತೆ ಕಾಣಲಿಲ್ಲ.

ಕಾರ್ತಿಕದಲ್ಲಿ ಲಕ್ವ ಹೊಡೆದಾಗ ನೀನು ನಡುಗಡಲಲ್ಲಿದ್ದೆ. ಅಪ್ಪನ ಬಲಗೈ ಬಲಗಾಲಿನ ಜೊತೆ ಮಾತೂ ಹೋಯಿತು. ಉಳಿದದ್ದು 'ಆತು' ಎಂಬ ಒಂದೇ ಪದ. ನೀರು ಬೇಕಾದರೂ ಆತು, ಸಾಕಾದರೂ ಆತು. ದಾಕ್ಷಾಯಣಿ ಆ ಒಂದು ಪದದ ಏರಿಳಿತದಲ್ಲೇ ಹಸಿವು, ನೋವು, ಸಿಟ್ಟು ಎಲ್ಲವನ್ನೂ ತಿಳಿಯುವುದನ್ನು ಕಲಿತಳು. ನಾನು ಕಲಿಯಲಿಲ್ಲ. ದಾವಣಗೆರೆಯ ಡಾಕ್ಟರು, 'ಸುಮ್ಮನೆ ಕೂಡಿಸಬ್ಯಾಡ್ರಿ, ಜನರ ನಡುವೆ ಇಡ್ರಿ' ಎಂದಿದ್ದರು. ನಲವತ್ತು ವರ್ಷ ಬಯಲಾಟದಲ್ಲಿ ಸಾರಥಿಯ ಪಾತ್ರ ಮಾಡಿದವನನ್ನು ಜನರ ನಡುವೆ ಇಡಿ ಎಂದು ಯಾರೋ ಹೇಳಿಕೊಡಬೇಕಾಗಿ ಬಂತಲ್ಲ ಎಂದು ಅನಿಸಿತು, ಅಷ್ಟೇ.

ಜನ ಎಂದರೆ ನಮ್ಮ ಮನೆಯಲ್ಲಿ ಉಳಿದಿದ್ದದ್ದು ನೀನು ಬಿಟ್ಟುಹೋದ ಆಟ. ಹೋದ ರಜೆಯಲ್ಲಿ ನೀನು ಯಾವನೋ ಇಂಗ್ಲಿಷ್ ಜೊತೆಗಾರನಿಂದ ಪಡೆದು ತಂದ ಪುಸ್ತಕ, ಆ ಚಿತ್ರವಿಚಿತ್ರ ಮುಖಗಳ ದಾಳಗಳು. ನೀನು ಕಲಿಸಿದಂತೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕೂತಲ್ಲೇ ಬರೀ ಮಾತಿನಲ್ಲಿ ಗವಿ ಹೊಗುವ ಆಟ. ನೀನು ಹೋದ ಮೇಲೆ ನಿಂತುಹೋಗಬಹುದು ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಗಾದಿಲಿಂಗಪ್ಪ ಬಸ್‌ಸ್ಟ್ಯಾಂಡಿನ ಪಾಳಿ ಮುಗಿಸಿ ನೇರ ಬಂದು ಚಾಪೆ ಹಾಸುತ್ತಾನೆ. ಆಟದಲ್ಲಿ ಇವತ್ತಿಗೂ ಅವನೇ ಕಳ್ಳ. ದಾಕ್ಷಾಯಣಿ ಕತ್ತಿ ಹಿಡಿದವಳು. ಕತೆ ನಡೆಸುವ ಕೆಲಸ ನನಗೆ ಬಂತು: ಗವಿಯಲ್ಲಿ ಎಷ್ಟು ಕತ್ತಲೆ, ಬಾಗಿಲ ಹಿಂದೆ ಯಾವ ಪ್ರಾಣಿ, ದಾಳ ಬಿದ್ದದ್ದಕ್ಕೆ ಏನು ಫಲ, ಇವೆಲ್ಲ ನಾನು ಹೇಳಬೇಕು. ಹಾಗೆ ನಡೆಸುವವನಿಗೆ ತನ್ನದೇ ಒಂದು ವೇಷವಿರುವುದಿಲ್ಲ. ನನಗೆ ಅದು ಒಗ್ಗಿತು, ವೇಷ ಹಾಕಲು ನನಗೆ ಮೊದಲಿನಿಂದಲೂ ನಾಚಿಕೆ ಎಂದು ನಿನಗೆ ಗೊತ್ತು.

ಖಾಲಿ ಇದ್ದದ್ದು ನಿನ್ನ ಜಾಗ. ಪುಸ್ತಕದ 'ಬಾರ್ಡ್' ಎಂಬುವನಿಗೆ ನೀನು ಪದಗಾರ ಎಂದು ಹೆಸರಿಟ್ಟು ಆಡುತ್ತಿದ್ದೆಯಲ್ಲ, ಅವನನ್ನು ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ನಿಯಮ ಓದುವಾಗ ನನಗೂ ಅವನ ಮೇಲೆ ಗೌರವ ಹುಟ್ಟಿರಲಿಲ್ಲ. ಹಾಡುತ್ತಾನೆ, ಅದು ಸರಿ. ಕತ್ತಿಯಲ್ಲಿ ಅರ್ಧ ಸಿಪಾಯಿ, ಬೀಗದಲ್ಲಿ ಅರ್ಧ ಕಳ್ಳ, ಮಂತ್ರದಲ್ಲಿ ಅರ್ಧ ಮಂತ್ರವಾದಿ. ಯಾವುದೂ ಪೂರ್ತಿ ಅಲ್ಲ. ಪೌಷದ ಒಂದು ಭಾನುವಾರ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಲು ಬೇರೆ ಜಾಗವಿಲ್ಲದೆ ಆ ಚಾಪೆಯ ತುದಿಯಲ್ಲೇ ಕೂರಿಸಿದೆವು. ನೀನಿದ್ದಾಗ ಇದೇ ಅಪ್ಪ, 'ಗೆಜ್ಜಿಲ್ಲ, ಬಣ್ಣಿಲ್ಲ, ಕುಂತಲ್ಲೇ ಕುಣಿಯೋದು ಎಂಥಾ ಆಟಲೇ ಇದು' ಎಂದು ನಕ್ಕು ಎದ್ದು ಹೋಗಿದ್ದ. ಈಗ ಎದ್ದು ಹೋಗುವಂತಿರಲಿಲ್ಲ. ಎಡಗೈ ಚಾಚಿ ಇಪ್ಪತ್ತು ಮುಖದ ದಾಳ ತೆಗೆದುಕೊಂಡು ಕವಡೆಯಂತೆ ಕುಲುಕಿ ಹಾಕಿದ. ಗಾದಿಲಿಂಗಪ್ಪ ಬಗ್ಗಿ ನೋಡಿ, 'ಹದಿನೆಂಟು ಬಿತ್ರೀ, ಪದಗಾರ ಬಂದ, ಜಾಗ ಬಿಡ್ರಿ' ಎಂದ. ಅಪ್ಪ 'ಆತು' ಎಂದ.

ತಂಬ್ರಹಳ್ಳಿಯ ಬಯಲಾಟ ನಿನಗೆ ನೆನಪಿರಲಾರದು, ನೀನು ಆಗ ಅವ್ವನ ಮಡಿಲಲ್ಲಿ ನಿದ್ದೆ ಹೋಗಿದ್ದೆ. ರಾಣಿ ಪಾತ್ರದವನಿಗೆ ಬಸ್ಸು ತಪ್ಪಿತ್ತು. ಬಯಲಾಟದಲ್ಲಿ ಪಾತ್ರ ಯಾವುದೇ ಬರಲಿ, ಸಾರಥಿ ಮೂರು ಪ್ರಶ್ನೆ ಕೇಳದೆ ಆಟ ಮುಂದೆ ಹೋಗುವುದಿಲ್ಲ: ಬಂದಂಥವರು ದಾರು, ಯಾವ ಪಟ್ಟಣ, ಬಂದಂಥ ಕಾರಣವೇನು. ರಾಜನಿಗೂ ಅದೇ, ರಾಕ್ಷಸನಿಗೂ ಅದೇ. ಅಂದು ಅಪ್ಪ ಈ ಬದಿಯಲ್ಲಿ ನಿಂತು ಕೇಳಿದ, ಸೆರಗು ಹೊದ್ದು ಆ ಬದಿಗೆ ಹೋಗಿ ನಾಚಿಕೊಂಡು ಉತ್ತರ ಹೇಳಿದ. ಮದ್ದಳೆಯವನು ಕುಡಿದು ಬಂದ ದಿನ ಮದ್ದಳೆ ಬಾರಿಸಿದ. ಬಣ್ಣ ಹಚ್ಚಿದ, ಕಿರೀಟ ಅಂಟಿಸಿದ, ಮರೆತವರಿಗೆಲ್ಲ ಮಾತು ಎತ್ತಿಕೊಟ್ಟ. ಉಜ್ಜಿನಿಯವರು ಇವತ್ತಿಗೂ ಅಪ್ಪನ ಹೆಸರೆತ್ತಿ ಹೇಳುತ್ತಾರೆ, 'ಏಕಾಂತಪ್ಪ ಇಲ್ಲಂದ್ರ ಎಷ್ಟು ಮಂದಿ ಬೇಕಾಗತಾರ ನೋಡ್ರಿ' ಎಂದು.

ಹೋದ ತಿಂಗಳ ಮಾತು. ನಮ್ಮವರು ಗವಿಯ ಒಳಗಿನ ಕಲ್ಲುಬಾಗಿಲು ತಲುಪಿದ್ದರು. ಬಾಗಿಲಲ್ಲಿ ಒಬ್ಬ ದೈತ್ಯನಿದ್ದಾನೆ ಎಂದೆ. ಗಾದಿಲಿಂಗಪ್ಪ ಹಿಂದಿನಿಂದ ಚೂರಿ ಹಾಕುತ್ತೇನೆ ಎಂದು ದಾಳ ಎತ್ತಿಕೊಂಡ, ದಾಕ್ಷಾಯಣಿ ಕತ್ತಿ ಹಿರಿದಳು. ಆಗ ಗೋಡೆಯ ಕಡೆಯಿಂದ, ನಾವು ಚಿಕ್ಕವರಿದ್ದಾಗ ಮೈದಾನದ ಆ ಕೊನೆಗೂ ಕೇಳುತ್ತಿದ್ದ ಅದೇ ಏರುದನಿಯಲ್ಲಿ, ತುಸು ತೊದಲಿ, 'ಬಂದಂಥವರು ದಾರು?' ಎಂದು ಕೇಳಿತು.

ಅಪ್ಪ ನನ್ನನ್ನೇ ನೋಡುತ್ತಿದ್ದ. ಗಾದಿಲಿಂಗಪ್ಪ ಮೆಲ್ಲಗೆ, 'ಹೇಳ್ರಿ ಮೇಷ್ಟ್ರೆ, ನಿಮ್ಮನ್ನ ಕೇಳ್ತಾ ಅದಾರ' ಎಂದ. ನಿನ್ನ ಪುಸ್ತಕದಲ್ಲಿ ಆ ದೈತ್ಯನ ಶಕ್ತಿ ಎಷ್ಟು, ಏಟು ಎಷ್ಟು ಎಂದೆಲ್ಲ ಇದೆ, ಹೆಸರಿಲ್ಲ. ಹುಲುಗಣ್ಣ ಎಂದೆ. 'ಯಾವ ಪಟ್ಟಣ?' ಉಚ್ಚಂಗಿದುರ್ಗದ ಕೆಳಗಿನ ಗವಿ ಎಂದೆ. 'ಬಂದಂಥ ಕಾರಣ?' ಗೊತ್ತಿಲ್ಲ, ಯಾರೋ ಇಲ್ಲಿ ಕಾಯಲು ನಿಲ್ಲಿಸಿ ಹೋದರು, ಮತ್ತೆ ಬರಲಿಲ್ಲ ಎಂದೆ. ಅದು ಎಲ್ಲಿಂದ ಬಂತೋ ತಿಳಿಯದು. ದಾಕ್ಷಾಯಣಿ ಕಣ್ಣೊರೆಸಿಕೊಂಡು, 'ಇಷ್ಟು ಕೇಳಿದ್ಮ್ಯಾಲೆ ಅವನ್ನ ಹೆಂಗ ಹೊಡೀಲಿ? ಉಂಡಾನೋ ಇಲ್ಲೋ ಕೇಳ್ರಿ ಮೊದ್ಲು' ಎಂದಳು. ಅಂದಿನಿಂದ ನಮ್ಮ ಗವಿಯಲ್ಲಿ ಯಾರನ್ನೂ ಕೊಂದಿಲ್ಲ. ಪದಗಾರ ಕೇಳುತ್ತಾನೆ, ಎದುರಿನವನು ಹೇಳುತ್ತಾನೆ, ಬಾಗಿಲು ತೆರೆಯುತ್ತದೆ. ಕೊಂದರಷ್ಟೇ ಅಂಕ ಎನ್ನುವ ಪುಸ್ತಕದ ಲೆಕ್ಕದಲ್ಲಿ ನಾವು ಎಲ್ಲಿದ್ದೆವೋ ಅಲ್ಲೇ ಇದ್ದೇವೆ, ಆದರೂ ಗವಿ ಮುಗಿಯುತ್ತಾ ಬಂದಿದೆ. ಗಾದಿಲಿಂಗಪ್ಪನ ದೂರು ಒಂದೇ: 'ಕಳ್ಳಗ ಕೆಲಸಿಲ್ದಂಗ ಮಾಡಿದ್ರಿ.'

ಆ ಮೂರು ಪ್ರಶ್ನೆಗಳ ಹಿಂದೆ ಉಳಿದ ಮಾತುಗಳೂ ಒಂದೊಂದಾಗಿ ಬಂದವು. ಮೊದಲು ಹಾಡು, ಆಮೇಲೆ ಬೈಗುಳ, ಆಮೇಲೆ ಉಪ್ಪು, ಚಹಾ, ಚಾದರ. ಈಗ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಾನೆ. ಹೀಗಾಗಿ ನೀನು ಕೇಳಿದ್ದಕ್ಕೆ ಉತ್ತರ: ಅಪ್ಪನಿಗೆ ಮಾತು ಬಂದಿದೆ.

ದಾಕ್ಷಾಯಣಿಯ ಹಾರೈಕೆ, ಗಾದಿಲಿಂಗಪ್ಪನ ಶರಣು. ನೀರು ನಿನ್ನನ್ನು ಸುಖವಾಗಿ ಇಟ್ಟಿರಲಿ.

ನಿನ್ನ ಅಣ್ಣ
ಶಿವಯೋಗಪ್ಪ

ಮರೆತ ಮಾತು: ಅಂಚೆಯವನು ಚೀಲ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊನ್ನೆ ಶನಿವಾರ ಬಸ್ಸಿಳಿದು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕಟ್ಟೆಯ ಮೇಲಿದ್ದ ಅಪ್ಪ, 'ಬಂದಂಥವರು ದಾರು?' ಎಂದ. ನಾನು ನಕ್ಕು, ಆಟದ ರಾಜನಂತೆ ಎದೆಯುಬ್ಬಿಸಿ ಹೆಸರು ಹೇಳಿದೆ. ಅಪ್ಪ ನಗಲಿಲ್ಲ. ದನಿಯಲ್ಲಿ ರಾಗವೂ ಇರಲಿಲ್ಲ. ಊರು ಕೇಳಿದ, ಹೇಳಿದೆ. ಬಂದ ಕಾರಣ ಕೇಳಿದ. ಏನೂ ತೋಚದೆ ಊಟಕ್ಕೆ ಎಂದೆ. 'ಹಂಗಾರ ಒಳಗ ಬರ್ರಿ, ನಮ್ಮ ಸೊಸಿ ಅದಾಳ, ಬಡಸ್ತಾಳ' ಎಂದು ಅಪರಿಚಿತನಿಗೆ ಮಾಡುವಂತೆ ಸರಿದು ದಾರಿ ಬಿಟ್ಟ. ಒಳಗೆ ಹೋಗಿ ಉಂಡೆ. ಮಾತಿಲ್ಲದಾಗ ಅವನಿಗೆ ನಾವೆಲ್ಲ ಗೊತ್ತಿದ್ದೇವೆ ಎಂದುಕೊಂಡಿದ್ದೆವು, ಮಾತು ಬಂದ ಮೇಲೆ ನಾನು ಯಾರೆಂದು ಅವನಿಗೆ ಗೊತ್ತಿಲ್ಲವೆಂದು ತಿಳಿಯಿತು. ನಿನ್ನೆ ಸಂಜೆ ತಾನಾಗಿಯೇ, 'ಕೊಟ್ರ ಇನ್ನಾ ಬಂದಿಲ್ಲ' ಎಂದ. ನಿನ್ನ ಹೆಸರು ಇನ್ನೂ ಇದೆ, ದೀಪಾವಳಿಯವರೆಗೆ ಇರುತ್ತದೆ ಎಂದು ಹೇಳಲಾರೆ. ಆ ಪ್ರಯಾಣಕ್ಕೆ ಸಹಿ ಹಾಕಬೇಡ, ಬಾ. ಬಾಗಿಲಲ್ಲಿ ಕೇಳಿದರೆ ನಗಬೇಡ, ನಾನೇ ಅಪ್ಪಾ ಎಂದು ಅಳಲೂ ಬೇಡ. ಮೂರಕ್ಕೂ ನೆಟ್ಟಗೆ ನಿಂತು ಉತ್ತರ ಹೇಳು. ಮೂರನೆಯದಕ್ಕೆ ಏನು ಹೇಳಬೇಕೆಂದು ದಾರಿಯಲ್ಲೇ ಯೋಚಿಸಿಕೊಂಡು ಬಾ, ನನಗೆ ಊಟ ಬಿಟ್ಟು ಬೇರೇನೂ ಹೊಳೆಯಲಿಲ್ಲ.